ವಿಹಾರ ನೌಕೆಯಲ್ಲಿ ಸುತ್ತಿಗೆಯ ಸದ್ದು

2018ರ ಮಾರ್ಚ್ ತಿಂಗಳು. ಅಮೆರಿಕದ ಮಯಾಮಿ ಬಂದರಿನಿಂದ ‘ನಾರ್ವೀಜಿಯನ್ ಸನ್’ ಎಂಬ ವಿಹಾರ ನೌಕೆ ಹೊರಟಿತು. ಪನಾಮಾ ಕಾಲುವೆಯನ್ನು ದಾಟಿ, ಪೆಸಿಫಿಕ್ ಸಾಗರಕ್ಕಿಳಿದು, ಲಾಸ್ ಏಂಜಲಿಸ್ ಮುಟ್ಟುವ ಹದಿನಾರು ದಿನಗಳ ಪಯಣ. ಕಡಲ ಗಾಳಿ, ನಿಶ್ಶಬ್ದ, ಡೆಕ್ಕಿನ ಮೇಲೊಂದು ಆರಾಮ ಕುರ್ಚಿ ಎಂದು ಕನಸು ಕಂಡು ಹತ್ತಿದವರಿಗೆ ಸಿಕ್ಕಿದ್ದು ಬೇರೆಯೇ. ಹಡಗಿನ ಮೇಲೆ ದುರಸ್ತಿ ಕೆಲಸ ನಡೆದಿತ್ತು. ಕೊರೆಯುವ ಯಂತ್ರದ ಸದ್ದು, ಲೋಹದ ಪುಡಿ, ರಾಸಾಯನಿಕದ ವಾಸನೆ, ಮುಚ್ಚಿದ ಡೆಕ್ಕುಗಳು. ಕೆಮ್ಮು ಬಂತು, ಗಂಟಲು ಕೆರೆಯಿತು ಎಂದು ಹಲವು ಪ್ರಯಾಣಿಕರು ಆಮೇಲೆ ಪತ್ರಿಕೆಗಳಿಗೆ ಹೇಳಿದರು. ಮುಂದಿನ ಪ್ರವಾಸದಲ್ಲಿ ಶೇ 25ರಷ್ಟು ರಿಯಾಯಿತಿ ಕೊಡುತ್ತೇವೆ ಎಂದಿತು ಕಂಪನಿ. ‘ಇನ್ನೊಮ್ಮೆ ಆ ಹಡಗು ಹತ್ತಬೇಕೆಂದು ನಿಮಗೆ ಹೇಳಿದವರು ಯಾರು?’ ಎಂಬ ಸಿಟ್ಟು ಹಲವರದು.

ಇದು ಎಲ್ಲೋ ದೂರದ ಶ್ರೀಮಂತರ ಕಥೆ ಎಂದು ಪುಟ ತಿರುಗಿಸಬೇಡಿ. ಸಿಂಗಪುರದಿಂದಲೋ ಮುಂಬಯಿಯಿಂದಲೋ ನಾಲ್ಕು ದಿನದ ನೌಕಾವಿಹಾರಕ್ಕೆ ಹೋಗಿಬರುವ ನಮ್ಮ ಕುಟುಂಬಗಳೂ ಈಗ ಇವೆ. ಮಗಳ ಪರೀಕ್ಷೆ ಮುಗಿದ ಸಂತೋಷಕ್ಕೋ, ತಂದೆ ತಾಯಿಯ ಮದುವೆಯ ಇಪ್ಪತ್ತೈದನೇ ವರ್ಷಕ್ಕೋ ಕೂಡಿಟ್ಟ ಹಣ ಖರ್ಚಾಗುತ್ತದೆ. ರಜೆ ಹಾಳಾದರೆ ಹಣ ಅಷ್ಟಿಷ್ಟು ವಾಪಸು ಬಂದೀತು. ಆ ನಾಲ್ಕು ದಿನ ಮರಳಿ ಬರುವುದಿಲ್ಲ. ಹಾಗಾಗಿ ದೂರು ಹೇಳುವುದು ಹೇಗೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ಹಡಗಿನವರ ಪಾಡನ್ನೂ ಕೇಳೋಣ. ಹಡಗೆಂದರೆ ಉಪ್ಪುನೀರಿನಲ್ಲಿ ನಿಂತ ಕಬ್ಬಿಣದ ಊರು. ತುಕ್ಕು ಒಂದು ದಿನವೂ ರಜೆ ಹಾಕುವುದಿಲ್ಲ. ಆದ್ದರಿಂದ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಕೊಳಾಯಿ ರಿಪೇರಿ ಇವೆಲ್ಲ ಪಯಣದ ಮಧ್ಯೆಯೇ ನಡೆಯಬೇಕು. ದೊಡ್ಡ ಕೆಲಸಕ್ಕೆ ‘ಡ್ರೈಡಾಕ್’ ಇದೆ. ಹಡಗನ್ನು ಒಳಗೆ ತಂದು ನೀರನ್ನೆಲ್ಲ ಹೊರಹಾಕುವ ಕಟ್ಟೆ ಅದು. ಪ್ರಯಾಣಿಕರ ಹಡಗಿನ ತಳವನ್ನು ಸಾಮಾನ್ಯವಾಗಿ ಐದು ವರ್ಷದಲ್ಲಿ ಎರಡು ಬಾರಿಯಾದರೂ ಹೀಗೆ ನೀರಿನಿಂದ ಹೊರಗಿಟ್ಟು ಪರೀಕ್ಷಿಸಬೇಕೆಂಬುದು ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ನಿಯಮ. ಆದರೆ ಕಟ್ಟೆಯಲ್ಲಿ ಕುಳಿತ ಹಡಗಿಗೆ ಒಂದು ಕಾಸಿನ ಸಂಪಾದನೆಯೂ ಇಲ್ಲ. ಖರ್ಚು ಮಾತ್ರ ಬೆಟ್ಟದಷ್ಟು. ಅಲ್ಲಿ ಕಳೆಯುವ ದಿನಗಳನ್ನು ಕಡಿಮೆ ಮಾಡಲು, ಒಂದಿಷ್ಟು ಕೆಲಸವನ್ನು ಪ್ರಯಾಣಿಕರು ಇರುವಾಗಲೇ ಮುಗಿಸಿಬಿಡುವ ಆಸೆ ಕಂಪನಿಗಳಿಗೆ ಬರುತ್ತದೆ. ತೊಂದರೆ ಹುಟ್ಟುವುದು ಇಲ್ಲಿ.

ಹಾಗಾದರೆ ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು? ಕಟಕಟೆಗೆ ಬಣ್ಣ ಬಳಿಯುತ್ತಿದ್ದಾರೆ, ಅರ್ಧ ಗಂಟೆ ಆ ಕಡೆ ಹೋಗಬೇಡಿ ಎಂದರೆ ಅದು ದೂರಲ್ಲ; ಹಡಗು ಸುರಕ್ಷಿತವಾಗಿರಲು ನಾವು ತೆರುವ ಸಣ್ಣ ಬೆಲೆ. ಆದರೆ ಬೆಳಗಿನಿಂದ ಸಂಜೆಯವರೆಗೆ ತಲೆಯ ಮೇಲೆ ನೆಲ ಅಗೆಯುವ ಯಂತ್ರ, ಪ್ರವಾಸ ಮುಗಿಯುವವರೆಗೂ ಮುಚ್ಚಿದ ಈಜುಕೊಳ, ಕಿಟಕಿ ತೆರೆದರೆ ದೂಳು ಎಂದಾದರೆ ಲೆಕ್ಕ ಬೇರೆ. ಕೇಳಬೇಕಾದ ಪ್ರಶ್ನೆ ಒಂದೇ: ಟಿಕೆಟ್ ಕೊಳ್ಳುವಾಗ ಈ ವಿಷಯ ತಿಳಿದಿದ್ದರೆ ಇಷ್ಟೇ ಹಣ ಕೊಟ್ಟು ಕೊಳ್ಳುತ್ತಿದ್ದೆವೇ? ‘ಇಲ್ಲ’ ಎಂಬುದು ಪ್ರಾಮಾಣಿಕ ಉತ್ತರವಾದರೆ ನಿಮ್ಮ ದೂರಿಗೆ ಬುಡವಿದೆ.

ಕಾನೂನು ಓದುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಸಿದ್ಧ ಮೊಕದ್ದಮೆ ನೆನಪಾಗಬೇಕು. ಇದು ಹಡಗಿನದಲ್ಲ, ಹಿಮದ ನಾಡಿನದು. ಜಾರ್ವಿಸ್ ಎಂಬ ಇಂಗ್ಲೆಂಡಿನ ವಕೀಲರು 63 ಪೌಂಡ್ 45 ಪೆನ್ಸ್ ಕೊಟ್ಟು ಸ್ವಿಟ್ಜರ್ಲೆಂಡಿನಲ್ಲಿ ಎರಡು ವಾರದ ಕ್ರಿಸ್‌ಮಸ್ ರಜೆ ಕಾದಿರಿಸಿದರು. ಮನೆ ತುಂಬ ಅತಿಥಿಗಳು, ಸಂಜೆ ಕೇಕು, ಸಂಗೀತದ ರಾತ್ರಿ ಎಂದೆಲ್ಲ ಕರಪತ್ರದಲ್ಲಿತ್ತು. ಹೋಗಿ ನೋಡಿದರೆ ಮೊದಲ ವಾರ ಹದಿಮೂರು ಅತಿಥಿಗಳು. ಎರಡನೇ ವಾರ ಇವರೊಬ್ಬರೇ! ಮನೆಯ ಯಜಮಾನನಿಗೆ ಇಂಗ್ಲಿಷ್ ಬಾರದು. ಸಂಗೀತದ ರಾತ್ರಿ ಎಂದರೆ ಊರಿನವನೊಬ್ಬ ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಗಡಿಬಿಡಿಯಲ್ಲಿ ಮುಗಿಸಿ ಹೋದ. ಕೆಳಗಿನ ನ್ಯಾಯಾಲಯ ಕೊಡಿಸಿದ್ದು ಸುಮಾರು ಅರ್ಧ ಹಣ, 31 ಪೌಂಡ್ 72 ಪೆನ್ಸ್. 1972ರಲ್ಲಿ ಲಾರ್ಡ್ ಡೆನ್ನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಪೀಠ ಅದನ್ನು 125 ಪೌಂಡಿಗೆ ಏರಿಸಿತು. ಕೊಟ್ಟ ಹಣದ ಹತ್ತಿರ ಹತ್ತಿರ ಎರಡರಷ್ಟು! ರಜೆಯನ್ನು ಮಾರುವವನು ಮಾರುವುದು ಹಾಸಿಗೆ, ಊಟ ಮಾತ್ರವಲ್ಲ, ಸಂತೋಷವನ್ನು. ಅದು ಸಿಗದಿದ್ದಾಗ ಆಗುವ ನಿರಾಶೆಗೂ ಬೆಲೆಯಿದೆ ಎಂಬುದು ಆ ತೀರ್ಪಿನ ಸಾರ.

ಹಾಗೆಂದು ‘ಪೂರ್ತಿ ಹಣ ಹಿಂದಕ್ಕೆ ಕೊಡಿ’ ಎಂದು ಕೌಂಟರ್ ಕುಟ್ಟಿದರೆ ಆಯಿತೇ? ಅದಕ್ಕೂ ಒಂದು ತೀರ್ಪು ಇದೆ. 1986ರ ಫೆಬ್ರವರಿ 16ರಂದು ‘ಮಿಖಾಯಿಲ್ ಲೆರ್ಮೊಂತೊವ್’ ಎಂಬ ಸೋವಿಯತ್ ವಿಹಾರ ನೌಕೆ ನ್ಯೂಜಿಲೆಂಡಿನ ಕರಾವಳಿಯಲ್ಲಿ ಬಂಡೆಗೆ ಬಡಿದು ಮುಳುಗಿತು. ಹದಿನಾಲ್ಕು ದಿನದ ಪ್ರವಾಸದಲ್ಲಿ ಅದು ಹತ್ತನೇ ದಿನ. ಅದರಲ್ಲಿದ್ದ ಶ್ರೀಮತಿ ಡಿಲನ್ ಪೂರ್ತಿ ಪ್ರಯಾಣದರ ಕೇಳಿದರು. ಉಳಿದ ದಿನಗಳ ಹಣವನ್ನು ಕಂಪನಿ ಆಗಲೇ ಕೊಟ್ಟಿತ್ತು. ಆಸ್ಟ್ರೇಲಿಯದ ಹೈಕೋರ್ಟ್ 1993ರಲ್ಲಿ ಹೇಳಿದ್ದಿಷ್ಟು: ಮೊದಲ ದಿನಗಳ ವಿಹಾರವನ್ನು ನೀವು ಅನುಭವಿಸಿದ್ದೀರಿ, ಆ ಹಣ ಸಿಗದು, ಆದರೆ ನಿರಾಶೆ ಮತ್ತು ಸಂಕಟಕ್ಕೆ ಪರಿಹಾರ ನ್ಯಾಯವೇ. ಹಡಗು ಮುಳುಗಿದರೂ ಪೂರ್ತಿ ಹಣ ಬರಲಿಲ್ಲ ಎಂದ ಮೇಲೆ, ಸುತ್ತಿಗೆಯ ಸದ್ದಿಗೆ ಪೂರ್ತಿ ಹಣ ಕೇಳುವವರು ಸ್ವಲ್ಪ ಯೋಚಿಸಬೇಕು.

ಅಳತೆ ಬೇಕೆಂದರೆ ಜರ್ಮನಿಯ ಕಡೆ ನೋಡಬಹುದು. ಫ್ರಾಂಕ್‌ಫರ್ಟಿನ ನ್ಯಾಯಾಲಯವೊಂದು ಹಾಳಾದ ರಜೆಗಳ ಮೊಕದ್ದಮೆಗಳಿಗಾಗಿ 1985ರಲ್ಲಿ ಒಂದು ಕೋಷ್ಟಕವನ್ನೇ ಮಾಡಿತು. ಹಗಲಿನ ಗದ್ದಲಕ್ಕೆ ಶೇ 5ರಿಂದ 25, ರಾತ್ರಿಯ ಗದ್ದಲಕ್ಕೆ ಶೇ 10ರಿಂದ 40ರಷ್ಟು ದರ ಕಡಿತ ಎಂದು ಅದರಲ್ಲಿದೆ. ಬೇರೆ ನ್ಯಾಯಾಲಯಗಳು ಅದನ್ನು ಪಾಲಿಸಲೇಬೇಕೆಂದಿಲ್ಲ. ಆದರೂ ‘ತುಂಬಾ ತೊಂದರೆಯಾಯಿತು’ ಎಂಬ ಮಾತಿಗಿಂತ ‘ಆರು ದಿನದಲ್ಲಿ ನಾಲ್ಕು ದಿನ, ದಿನಕ್ಕೆ ಏಳು ಗಂಟೆ’ ಎಂಬ ಮಾತಿಗೆ ತೂಕ ಹೆಚ್ಚು ಎಂಬುದನ್ನು ಅದು ಕಲಿಸುತ್ತದೆ.

ಇನ್ನು ದೂರು ಕೊಡುವ ಬಗೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗಳು, “ಅಪ್ಪಾ, ಮಲಗೋಕೇ ಆಗ್ತಿಲ್ಲ, ಹೋಗಿ ಹೇಳೋಣ” ಎನ್ನುತ್ತಾಳೆ. ಅಪ್ಪ, “ಹೋಗಲಿ ಬಿಡಮ್ಮ, ನಾಲ್ಕು ದಿನ ತಾನೆ, ಅಡ್ಜಸ್ಟ್ ಮಾಡ್ಕೊಳ್ಳೋಣ” ಎನ್ನುತ್ತಾರೆ. ಊರಿಗೆ ಮರಳಿದ ಮೇಲೆ ಅದೇ ಅಪ್ಪ ಸಿಕ್ಕಸಿಕ್ಕವರ ಮುಂದೆಲ್ಲ ಕಂಪನಿಯನ್ನು ಬೈಯುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಹಡಗಿನಲ್ಲಿದ್ದಾಗ ಹೇಳದ ದೂರಿಗೆ ಕಂಪನಿಯ ಉತ್ತರ ಸಿದ್ಧವಾಗಿರುತ್ತದೆ: ‘ಅಲ್ಲೇ ಹೇಳಿದ್ದರೆ ಸರಿಪಡಿಸುತ್ತಿದ್ದೆವು.’ ಯುರೋಪಿನ ಪ್ಯಾಕೇಜ್ ಪ್ರವಾಸ ಕಾನೂನು ಕೂಡ, ಲೋಪ ಕಂಡ ಪ್ರಯಾಣಿಕ ತಡಮಾಡದೆ ತಿಳಿಸಬೇಕು ಎಂದೇ ಹೇಳುತ್ತದೆ. ಸರಿಪಡಿಸಲು ಅವಕಾಶ ಕೊಡುವುದು ನ್ಯಾಯವೂ ಹೌದು, ಜಾಣತನವೂ ಹೌದು.

ಆದ್ದರಿಂದ ಮೊದಲ ದಿನವೇ ಸ್ವಾಗತ ಕೌಂಟರಿಗೆ ಹೋಗಿ. ಬಾಯಲ್ಲಿ ಹೇಳಿ, ಬರಹದಲ್ಲೂ ಕೊಡಿ, ಪ್ರತಿಯನ್ನು ಇಟ್ಟುಕೊಳ್ಳಿ. ಯಾರೊಡನೆ ಮಾತನಾಡಿದಿರಿ, ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳಿ. ಅಲ್ಲಿ ಕೆಲಸವಾಗದಿದ್ದರೆ ‘ಹೋಟೆಲ್ ಡೈರೆಕ್ಟರ್’ ಯಾರೆಂದು ಕೇಳಿ. ಪ್ರಯಾಣಿಕರ ವಸತಿ, ಊಟ, ಉಪಚಾರದ ಹೊಣೆ ಹೊತ್ತ ಅಧಿಕಾರಿ ಅವರು. ಕ್ಯಾಪ್ಟನ್‌ನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಸದ್ದನ್ನು ಮೊಬೈಲಿನಲ್ಲಿ ಹಿಡಿದಿಡಿ, ಮುಚ್ಚಿದ ಡೆಕ್ಕಿನ ಚಿತ್ರ ತೆಗೆಯಿರಿ. ದೂಳಿನಿಂದ ಉಸಿರಾಟಕ್ಕೆ ತೊಂದರೆಯಾದರೆ ಹಡಗಿನ ವೈದ್ಯರನ್ನು ಕಂಡು ಚೀಟಿ ಪಡೆಯಿರಿ. ಆರೋಗ್ಯ ಮೊದಲು, ಪರಿಹಾರ ಆಮೇಲೆ.

ಪರೀಕ್ಷೆಯ ಪತ್ರಲೇಖನ ವಿದ್ಯಾರ್ಥಿಗಳಿಗೆ ಬಾಯಿಪಾಠ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ಇಂತಿ ತಮ್ಮ ವಿಶ್ವಾಸಿ’. ಅಂಕವೇನೋ ಬರುತ್ತದೆ. ಆದರೆ ನಿಜವಾದ ದೂರಿನ ಪ್ರಾಣ ಇರುವುದು ನಡುವಿನ ನಾಲ್ಕು ಸಾಲಿನಲ್ಲಿ: ಏನಾಯಿತು, ಯಾವಾಗ, ಅದರಿಂದ ನಮಗೇನಾಯಿತು, ಈಗ ನೀವೇನು ಮಾಡಬೇಕು. ಉದಾಹರಣೆಗೆ ಹೀಗೆ ಬರೆಯಬಹುದು:

“ನಮ್ಮ ಕೋಣೆಯ ಸಂಖ್ಯೆ 6120. ನಿನ್ನೆ ಮತ್ತು ಇಂದು ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಕೋಣೆಯ ಮೇಲಿನ ಡೆಕ್ಕಿನಲ್ಲಿ ಕೊರೆಯುವ ಕೆಲಸ ನಡೆಯಿತು. ನಮ್ಮ ತಾಯಿಗೆ ವಿಶ್ರಾಂತಿ ಸಾಧ್ಯವಾಗಲಿಲ್ಲ. ಈಜುಕೊಳವೂ ಎರಡು ದಿನದಿಂದ ಮುಚ್ಚಿದೆ. ಕಾದಿರಿಸುವಾಗ ಈ ಕೆಲಸದ ಸುದ್ದಿಯನ್ನು ನಮಗೆ ತಿಳಿಸಿರಲಿಲ್ಲ. ಇಂದು ಸಂಜೆಯೊಳಗೆ ಬೇರೆ ಕೋಣೆ ಕೊಡಿ. ಇಲ್ಲವೇ ಕೆಲಸದ ವೇಳೆಯನ್ನು ಬದಲಿಸಿ. ಕಳೆದ ಎರಡು ದಿನಗಳಿಗೆ ದರ ಕಡಿತದ ಬಗ್ಗೆ ಲಿಖಿತ ಉತ್ತರ ಕೊಡಿ.”

ಇದರಲ್ಲಿ ಒಂದೂ ಬೈಗುಳವಿಲ್ಲ, ಉತ್ಪ್ರೇಕ್ಷೆಯಿಲ್ಲ. ಓದಿದವರಿಗೆ ಜಾರಿಕೊಳ್ಳಲು ದಾರಿಯೂ ಇಲ್ಲ. ಬೇರೆ ಪ್ರಯಾಣಿಕರಿಗೂ ಅದೇ ತೊಂದರೆಯಿದ್ದರೆ ಅವರೂ ತಮ್ಮ ತಮ್ಮ ಪತ್ರ ಕೊಡಲಿ.

ಒಂದು ಮಾತು ಮರೆಯಬಾರದು. ತುಕ್ಕು ಕೆರೆಯುತ್ತಿರುವ ಹುಡುಗನ ಮೇಲೆ ಕೂಗಾಡಬೇಡಿ. ಮನೆ ಬಿಟ್ಟು ತಿಂಗಳುಗಟ್ಟಲೆ ಕಡಲಲ್ಲಿ ದುಡಿಯುವವನು ಅವನು. ಫಿಲಿಪೈನ್ಸಿನವನಿರಬಹುದು, ನಮ್ಮ ದೇಶದವನೇ ಇರಬಹುದು. ಕೆಲಸ ಯಾವಾಗ ಮಾಡಬೇಕೆಂದು ತೀರ್ಮಾನಿಸಿದವನು ಅವನಲ್ಲ. ಆ ದೂಳನ್ನು ನಿಮಗಿಂತ ಹೆಚ್ಚು ಕುಡಿಯುತ್ತಿರುವವನೂ ಅವನೇ.

ಸಣ್ಣ ಅಕ್ಷರಗಳ ಕಥೆಯೂ ಇದೆ. ವಾಷಿಂಗ್ಟನ್ ರಾಜ್ಯದ ಶೂಟ್ ದಂಪತಿ ವಿಹಾರಕ್ಕೆ ಹೋದಾಗ, ಮೆಕ್ಸಿಕೊ ಕರಾವಳಿಯ ಆಚೆ ಪತ್ನಿ ಹಡಗಿನ ಅಡುಗೆಮನೆಯಲ್ಲಿ ಜಾರಿಬಿದ್ದರು. ತಮ್ಮ ಊರಿನ ಕಡೆಯ ನ್ಯಾಯಾಲಯಕ್ಕೆ ಹೋದರು. ಆದರೆ ವ್ಯಾಜ್ಯವೇನಿದ್ದರೂ ದೇಶದ ಇನ್ನೊಂದು ತುದಿಯ ಫ್ಲಾರಿಡಾದಲ್ಲೇ ಎಂದು ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ಆ ಷರತ್ತು ಊರ್ಜಿತ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಹಾಗಾಗಿ ಟಿಕೆಟ್ಟಿನ ಷರತ್ತುಗಳನ್ನು ಹಣ ಕಟ್ಟುವ ಮೊದಲೇ ಓದಿ. ಮನೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳಿಗೆ ಈ ಕೆಲಸ ಒಪ್ಪಿಸಿ. ‘ಈ ಪ್ರವಾಸದ ವೇಳೆ ದುರಸ್ತಿ ಕೆಲಸ ಇದೆಯೇ?’ ಎಂದು ಏಜೆಂಟರನ್ನು ಇ-ಮೇಲಿನಲ್ಲಿ ಕೇಳಿ ಉತ್ತರ ಪಡೆದಿಡಿ. ಅದೇ ರೀತಿ, ಹಡಗಿನವರು ರಿಯಾಯಿತಿ ಚೀಟಿ ಕೊಟ್ಟರೆ ಸಹಿ ಹಾಕುವ ಮೊದಲು ಓದಿ. ‘ಇದರೊಂದಿಗೆ ನಮ್ಮ ಎಲ್ಲ ಹಕ್ಕು ತೀರಿತು’ ಎಂಬ ಸಾಲು ಅದರಲ್ಲಿದ್ದರೆ, ಆ ಮೇಲೆ ಕೇಳಲು ಬಾಯಿರುವುದಿಲ್ಲ.

ಪ್ರವಾಸವನ್ನು ನಮ್ಮಲ್ಲಿನ ಸಂಸ್ಥೆಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನೆರವಿಗಿದೆ. ಮೊದಲು ಆ ಸಂಸ್ಥೆಗೆ ಪತ್ರ ಬರೆಯಿರಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸಂಸ್ಥೆಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು ಎಂಬುದು ಈ ಕಾಯಿದೆಯ ದೊಡ್ಡ ಅನುಕೂಲ. ಕೊಟ್ಟ ಹಣ ಐದು ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು ಎಂಬುದು ನೆನಪಿರಲಿ. ಆಗ ನಿಮ್ಮ ಕೈಹಿಡಿಯುವುದು ಹಡಗಿನಲ್ಲಿ ಬರೆದುಕೊಟ್ಟ ಆ ಪತ್ರದ ಪ್ರತಿಯೇ.

ಕೊನೆಯದಾಗಿ ತಂದೆ ತಾಯಿಯರಿಗೆ ಒಂದು ಮಾತು. ನೀವು ಕೌಂಟರಿನ ಮುಂದೆ ನಿಂತಾಗ ಪಕ್ಕದಲ್ಲಿ ಮಕ್ಕಳಿರುತ್ತಾರೆ. ಬಾಯಿ ಮುಚ್ಚಿಕೊಂಡು ಬಂದರೆ ಮಕ್ಕಳು ಅದನ್ನೇ ಕಲಿಯುತ್ತಾರೆ. ರೇಗಾಡಿ ಬಂದರೆ ಅದನ್ನೂ ಕಲಿಯುತ್ತಾರೆ. ನಾಳೆ ಹಾಸ್ಟೆಲಿನ ನೀರಿಗೋ, ಕಾಲೇಜಿನ ಅಂಕಪಟ್ಟಿಯ ತಪ್ಪಿಗೋ ಅವರು ಒಬ್ಬರೇ ಒಂದು ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಪತ್ರವನ್ನು ಮಗಳೇ ಬರೆಯಲಿ. ನೀವು ಓದಿ, ಸಿಟ್ಟಿನ ಮಾತುಗಳಿದ್ದರೆ ಹೊಡೆದುಹಾಕಿ, ಸಹಿ ಮಾಡಿ. ಕೋಣೆ ಬದಲಾದೀತು, ಆಗದೆಯೂ ಇದ್ದೀತು. ಪತ್ರ ಕೊಟ್ಟು ಬಂದ ಮೇಲೆ ಸದ್ದಿಲ್ಲದ ಒಂದು ಮೂಲೆ ಹುಡುಕಿ, ಎಲ್ಲರೂ ಕುಳಿತು ಕಡಲನ್ನು ನೋಡಿ. ಹೋದದ್ದು ಅದಕ್ಕೇ ಅಲ್ಲವೇ?