ಮಗುವಿನ ಜೀವ ಕಾಯಲೂ ಅಸೋಸಿಯೇಷನ್ ಅನುಮತಿ ಬೇಕೆ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಲ್ಕನಿಗೆ ಗ್ರಿಲ್ ಹಾಕಿಸುವುದು ಈಗ ದೊಡ್ಡ ಜಗಳದ ವಿಷಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಗ್ರಿಲ್ ಬೇಕೇ ಬೇಕು ಎನ್ನುತ್ತಾರೆ ಮನೆಯವರು. ಕಟ್ಟಡದ ಎಲಿವೇಶನ್ ಕೆಡುತ್ತದೆ, ಆಗುವುದಿಲ್ಲ ಎನ್ನುತ್ತದೆ ಮ್ಯಾನೇಜಿಂಗ್ ಕಮಿಟಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಶುರುವಾದ ವಾದ ಜನರಲ್ ಬಾಡಿ ಮೀಟಿಂಗಿಗೆ ಬಂದು, ಅಲ್ಲೂ ಮುಗಿಯದೆ ವಕೀಲರ ನೋಟಿಸಿನವರೆಗೆ ಬೆಳೆಯುವುದುಂಟು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಕೆಳಗೆ ಬೀಳದಂತೆ ತಡೆಯುವ ಗ್ರಿಲ್ಲನ್ನಾಗಲಿ, ಬಲೆಯನ್ನಾಗಲಿ ಬೇಡ ಎನ್ನುವ ಅಧಿಕಾರ ಯಾವ ಅಸೋಸಿಯೇಷನ್ನಿಗೂ ಇರಕೂಡದು. ಅದು ಹೇಗಿರಬೇಕು ಎಂದು ಹೇಳುವ ಅಧಿಕಾರ ಬೇಕಾದರೆ ಇರಲಿ.

ಇಂದಿನ ಬಹುಮಹಡಿ ಕಟ್ಟಡಗಳ ಬಾಲ್ಕನಿಯಲ್ಲಿ ನಿಂತು ನೋಡಿ. ದೊಡ್ಡವರ ಎದೆಮಟ್ಟಕ್ಕೂ ಬಾರದ ಕಂಬಿ, ಇಲ್ಲವೇ ಗಾಜು. ಎಷ್ಟೋ ಕಡೆ ಕಂಬಿಗಳನ್ನು ಅಡ್ಡಡ್ಡ ಕೂರಿಸಿರುತ್ತಾರೆ. ಮಕ್ಕಳಿಗೆ ಅದು ಏಣಿ ಇಟ್ಟುಕೊಟ್ಟಂತೆ. ಅದೇ ಜಾಗದಲ್ಲಿ ವಾಷಿಂಗ್ ಮೆಷಿನ್, ಹೂಕುಂಡ, ಪ್ಲಾಸ್ಟಿಕ್ ಸ್ಟೂಲು. ಮೂರು ವರ್ಷದ ಮಗು ಸ್ಟೂಲು ಎಳೆದುಕೊಂಡು ಹತ್ತುವುದಕ್ಕೆ, ಒಳಗಿದ್ದವರು ಉಕ್ಕುವ ಹಾಲನ್ನು ಇಳಿಸಿ ಬರುವಷ್ಟು ಹೊತ್ತು ಸಾಕು. ಬಾಲ್ಕನಿಯಿಂದ ಬಿದ್ದು ಮಗು ಸಾವು ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಪ್ರತಿ ಸಲವೂ ಹೆತ್ತವರ ನಿರ್ಲಕ್ಷ್ಯ ಎಂದು ಷರಾ ಬರೆದು ಮುಗಿಸುತ್ತೇವೆ. ಗ್ರಿಲ್ ಹಾಕಿಸಲು ಹೊರಟವರನ್ನು ತಡೆದವರ ಹೊಣೆಯ ಬಗ್ಗೆ ಯಾರೂ ಕೇಳುವುದಿಲ್ಲ.

ನನಗೆ ಪರಿಚಯದ ಕುಟುಂಬವೊಂದು ಒಂಬತ್ತನೇ ಮಹಡಿಯಲ್ಲಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗನನ್ನು ನೋಡಿಕೊಳ್ಳುವುದು ಅಜ್ಜಿ. ಗ್ರಿಲ್ಲಿಗೆ ಅರ್ಜಿ ಕೊಟ್ಟರು. ‘ಕಮಿಟಿ ಮುಂದೆ ಇಟ್ಟಿದ್ದೀವಿ ಸರ್’ ಎನ್ನುವುದರಲ್ಲೇ ಎಸ್ಟೇಟ್ ಮ್ಯಾನೇಜರ್ ತಿಂಗಳುಗಳನ್ನು ಕಳೆದರು. ಕೊನೆಗೆ ಬಂದದ್ದು ಒಂದೇ ಸಾಲಿನ ಇಮೇಲ್: ಹೊರನೋಟ ಬದಲಿಸುವ ಕೆಲಸಕ್ಕೆ ಅವಕಾಶವಿಲ್ಲ. ಆದದ್ದಾಗಲಿ ಎಂದು ಗ್ರಿಲ್ ಕೆಲಸದವರನ್ನು ಕರೆಸಿದರೆ, ಎನ್‌ಒಸಿ ಇಲ್ಲದೆ ಮೆಟೀರಿಯಲ್ ಒಳಗೆ ಬಿಡುವಂತಿಲ್ಲ ಎಂದು ಸೆಕ್ಯುರಿಟಿಯವರು ಗಾಡಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಅಜ್ಜಿ ತಮ್ಮದೊಂದು ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಂಬಿಯ ಉದ್ದಕ್ಕೂ ಬಿಗಿದು ಕಟ್ಟಿದರು. ಬಟ್ಟೆ ಹೊರಗೆ ಕಾಣುತ್ತದೆ ಎಂದು ಅದಕ್ಕೂ ನೋಟಿಸ್ ಬಂತು. ‘ನಾನು ಬಟ್ಟೆ ಒಣಹಾಕಿಲ್ಲಪ್ಪ, ಮಗು ತಲೆ ತೂರಿಸದೆ ಇರ್ಲಿ ಅಂತ ಕಟ್ಟಿದ್ದು’ ಎಂದು ಆಕೆ ಸೂಪರ್‌ವೈಸರನಿಗೆ ವಿವರಿಸಬೇಕಾಯಿತು. ಸ್ವಂತ ದುಡ್ಡಿನಲ್ಲಿ ಕೊಂಡ ಮನೆಯಲ್ಲಿ ಮೊಮ್ಮಗನ ಜೀವ ಕಾಯಲು ಒಬ್ಬ ಅಜ್ಜಿ ಸಮಜಾಯಿಷಿ ಕೊಡಬೇಕಾದ ಸ್ಥಿತಿ ನನಗೆ ಸಿಟ್ಟು ತರಿಸುತ್ತದೆ.

ಕಮಿಟಿಗಳು ಕಾನೂನಿನ ಹೆಸರು ಹೇಳುತ್ತವೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯು ಕಟ್ಟಡದ ಭದ್ರತೆಗೆ, ಸುರಕ್ಷತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ಕುಗ್ಗಿಸುವ ಕೆಲಸವನ್ನು ನಿರ್ಬಂಧಿಸುತ್ತದೆ, ನಿಜ. ಆದರೆ ಬೀಳುವ ಮಗುವನ್ನು ತಡೆಯುವ ಕಂಬಿ ಯಾವ ಸುರಕ್ಷತೆಗೆ ಧಕ್ಕೆ ತಂದೀತು? ಇನ್ನು, ನಗರದ ಎಷ್ಟೋ ಸಂಘಗಳ ಬೈಲಾದಲ್ಲೇ ಇನ್ನೊಂದು ಮಾತಿದೆ: ಮಾರ್ಪಾಡಿನ ಬಗ್ಗೆ ಸದಸ್ಯ ಬರೆದು ತಿಳಿಸಿದರೆ ಸಂಘ 30 ದಿನಗಳೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಆಕ್ಷೇಪವಿಲ್ಲವೆಂದೇ ಅರ್ಥ. ನಿವಾಸಿಗಳು ತಮ್ಮ ಬೈಲಾ ತೆಗೆದು ಈ ಸಾಲು ಇದೆಯೇ ಎಂದು ನೋಡಿಕೊಳ್ಳಲಿ. ಬಟ್ಟೆ ನೇತುಹಾಕಬಾರದೆಂಬ ಕಲಮನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಕಮಿಟಿಗಳು 30 ದಿನಗಳ ಈ ಕಲಮಿನ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಬೇರೆ ಊರುಗಳು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿವೆ. ಕಿಟಕಿಗಳಿಂದ ಮಕ್ಕಳು ಬಿದ್ದು ಸಾಯುತ್ತಿದ್ದುದನ್ನು ಕಂಡ ನ್ಯೂಯಾರ್ಕ್ ನಗರ 1976ರಲ್ಲೇ ನಿಯಮ ತಂದಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿದ್ದರೆ ಕಿಟಕಿಗೆ ಕಂಬಿ ಹಾಕಿಸುವುದು ಅಲ್ಲಿ ಕಟ್ಟಡದವರದೇ ಹೊಣೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2018ರಿಂದ, ಅಪಾಯದ ಎತ್ತರದಲ್ಲಿರುವ ಕಿಟಕಿ 12.5 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ತಡೆ ಅಳವಡಿಸುವ ಕೆಲಸ ನಿವಾಸಿ ಸಂಘದ್ದೇ. ಮನೆಗಳೆಲ್ಲ ಆಕಾಶಕ್ಕೇ ಏರಿರುವ ಸಿಂಗಪುರದಲ್ಲಿ, ಮಕ್ಕಳಿಗೆ ಅಪಾಯವಾಗದಂತೆ ಸಾಧನ ಅಳವಡಿಸುವ ಮಾಲೀಕನನ್ನು ಸಂಘ ತಡೆಯುವಂತಿಲ್ಲ ಎಂದು ನಿಗದಿತ ಬೈಲಾವೇ ಹೇಳುತ್ತದೆ. ಕಟ್ಟಡದ ಉಳಿದ ಭಾಗದ ನೋಟಕ್ಕೆ ಅದು ಹೊಂದಿಕೊಳ್ಳಬೇಕು, ಅಷ್ಟೇ. ಮೂರೂ ಕಡೆ ಮಗುವಿನ ಜೀವ ಮೊದಲು, ಅಂದಚೆಂದ ಆಮೇಲೆ. ನಾವು ಅದನ್ನು ತಿರುಗುಮುರುಗು ಮಾಡಿಕೊಂಡು ಕುಳಿತಿದ್ದೇವೆ.

ಕಮಿಟಿಗಳ ವಾದದಲ್ಲಿ ತೂಕವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗೋಡೆಯಿಂದ ಹೊರಚಾಚುವ ಪೆಟ್ಟಿಗೆ ಗ್ರಿಲ್ಲಿನ ಮೇಲೆ ಇಟ್ಟ ಕುಂಡ ಬಿದ್ದರೆ ಕೆಳಗೆ ಹೋಗುವವರ ತಲೆ ಒಡೆಯುತ್ತದೆ. ಅಡ್ಡಾದಿಡ್ಡಿ ಡ್ರಿಲ್ ಹೊಡೆದರೆ ಕೆಳಮನೆಗೆ ನೀರು ಸೋರುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಬೆಂಕಿಯ ಮಾತು: ಬಾಲ್ಕನಿಯನ್ನು ಕಬ್ಬಿಣದಿಂದ ಪೂರ್ತಿ ಬೆಸೆದುಬಿಟ್ಟರೆ ಒಳಗಿನವರು ಹೊರಬರಲಾರರು, ಅಗ್ನಿಶಾಮಕ ದಳದವರು ಒಳಗೆ ಬರಲಾರರು. ಇವೆಲ್ಲಕ್ಕೂ ಪರಿಹಾರವಿದೆ. ಕಂಬಿಯ ಒಳಬದಿಗೇ ಗ್ರಿಲ್ ಕೂರಿಸಬಹುದು. ಅದರಲ್ಲಿ ಒಳಗಿನಿಂದ ತೆರೆಯುವ ಬಾಗಿಲು ಕಡ್ಡಾಯ ಮಾಡಬಹುದು. ಸ್ಟೀಲ್ ತಂತಿಯ ಇನ್‌ವಿಸಿಬಲ್ ಗ್ರಿಲ್ ಹತ್ತು ಹೆಜ್ಜೆ ದೂರದಿಂದ ಸರಿಯಾಗಿ ಕಣ್ಣಿಗೂ ಬೀಳುವುದಿಲ್ಲ. ಸಂಘವು ಒಂದು ವಿನ್ಯಾಸ, ಒಂದು ಬಣ್ಣ ಗೊತ್ತುಮಾಡಿದರೆ ಎಲಿವೇಶನ್ನೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ. ಹೀಗೆ ಮಾಡಿ ಎಂದು ದಾರಿ ತೋರಿಸಬೇಕಾದವರು ಮಾಡಲೇಬೇಡಿ ಎಂದು ಬಾಗಿಲು ಹಾಕುವುದು ಆಡಳಿತವಲ್ಲ, ದರ್ಪ.

ಗ್ರಿಲ್ ಬಂದರೆ ಫ್ಲ್ಯಾಟಿನ ರೇಟು ಬೀಳುತ್ತದೆ ಎಂಬ ವಾದಕ್ಕೆ ನನ್ನ ಉತ್ತರ ನೇರವಾಗಿದೆ. ಮನೆ ಇರುವುದು ಬದುಕುವುದಕ್ಕೆ. ಬಿಲ್ಡರ್‌ನ ಬ್ರೋಷರಿನಲ್ಲಿ ಕಂಡ ಚಿತ್ರವನ್ನು ಕೊನೆತನಕ ಕಾಪಾಡುವ ಕರಾರಿಗೆ ಯಾವ ತಾಯಿ ತಂದೆಯೂ ಸಹಿ ಹಾಕಿಲ್ಲ. ಹಾಕಿದ್ದರೂ ಅದನ್ನು ಮಗುವಿನ ತಲೆಯ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ.

ಕಮಿಟಿಯ ಮಾತು ಒಪ್ಪದವರು ಎಲ್ಲಿ ಹೋಗಬೇಕು? ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಕೆಲವು 1972ರ ಕಾಯ್ದೆಯಡಿ ನೋಂದಣಿಯಾಗಿವೆ. ಯಾರ ಬಳಿ ದೂರು ಕೊಡಬೇಕೆಂಬುದೇ ಸಾಮಾನ್ಯ ನಿವಾಸಿಗೆ ಗೊಂದಲ. ಸಿವಿಲ್ ಕೋರ್ಟಿಗೆ ಹೋದರೆ ತೀರ್ಪು ಬರುವ ಹೊತ್ತಿಗೆ ಮಗು ಹೈಸ್ಕೂಲು ಮುಗಿಸಿರುತ್ತದೆ. ಬಾಡಿಗೆದಾರರ ಪಾಡು ಇನ್ನೂ ಕಷ್ಟ: ಮಾಲೀಕರ ಸಹಿ ಬೇಕು, ಸಂಘದ ಎನ್‌ಒಸಿ ಬೇಕು, ಮೀಟಿಂಗಿನಲ್ಲಿ ಮತವೂ ಇಲ್ಲ.

ಹಳೆಯ ಅಪಾರ್ಟ್‌ಮೆಂಟ್ ಕಾಯ್ದೆಯ ಜಾಗಕ್ಕೆ ಹೊಸದು ಬೇಕೆಂಬ ಒತ್ತಾಯ ಬಹಳ ಕಾಲದಿಂದ ಇದೆ. ಆ ಕಾಯ್ದೆ ಯಾವಾಗ ಬಂದರೂ ಅದರಲ್ಲಿ ನಾಲ್ಕು ಮಾತು ಸ್ಪಷ್ಟವಾಗಿರಲಿ. ಮಕ್ಕಳ, ವೃದ್ಧರ ರಕ್ಷಣೆಗೆ ಅಳವಡಿಸುವ ಸಾಧನವನ್ನು ಯಾವ ಸಂಘವೂ ನಿರಾಕರಿಸುವಂತಿಲ್ಲ; ವಿನ್ಯಾಸವನ್ನಷ್ಟೇ ಸೂಚಿಸಬಹುದು. ಸೂಚನೆ 15 ದಿನಗಳೊಳಗೆ, ಕಾರಣಸಹಿತ, ಬರಹದಲ್ಲಿ ಬರಬೇಕು. ಈ ಹಕ್ಕು ಬಾಡಿಗೆದಾರರಿಗೂ ಸಮನಾಗಿರಬೇಕು. ಹೊಸ ಕಟ್ಟಡಗಳಲ್ಲಿ ಮಗು ಹತ್ತಲಾಗದ ಬಾಲ್ಕನಿ ಕೊಡುವುದು ಬಿಲ್ಡರ್‌ನ ಕರ್ತವ್ಯವಾಗಬೇಕು.

ಕಾಯ್ದೆ ಬರುವವರೆಗೆ ಕಮಿಟಿಗಳು ಕೈಕಟ್ಟಿ ಕೂರಬೇಕಿಲ್ಲ. ಬೈಲಾಕ್ಕೆ ತಿದ್ದುಪಡಿ ತರುವ ಅಧಿಕಾರ ಜನರಲ್ ಬಾಡಿಗೆ ಇಂದೇ ಇದೆ. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಇದೇ ಮೊದಲ ವಿಷಯವಾಗಲಿ. ಅಲ್ಲಿ ಬೇಡವೆಂದು ಕೈ ಎತ್ತುವವರ ಹೆಸರು ನಡಾವಳಿಯಲ್ಲಿ ದಾಖಲಾಗಲಿ. ನಾಳೆ ಅನಾಹುತವಾದರೆ ಹೆತ್ತವರ ಜೊತೆ ಅವರೂ ಉತ್ತರ ಕೊಡಬೇಕು.