ಧರ್ಮರಾಯನ ರಥವೂ ರೋಣದ ರಸ್ತೆಯೂ

ಕುರುಕ್ಷೇತ್ರದಲ್ಲಿ ಓಡಿದ ರಥಗಳ ಪೈಕಿ ಧರ್ಮರಾಯನದೊಂದು ಮಾತ್ರ ನೆಲವನ್ನು ಸೋಕದೆ ನಾಲ್ಕು ಅಂಗುಲ ಮೇಲೆಯೇ ಸಂಚರಿಸುತ್ತಿತ್ತೆಂದು ಭಾರತದ ಕಥೆ ಹೇಳುತ್ತದೆ. ಅಶ್ವತ್ಥಾಮನ ವಿಷಯದಲ್ಲಿ ಅವನ ಬಾಯಿಂದ ಅರ್ಧಸತ್ಯ ಹೊರಟಿತು; ಒಡನೆಯೇ ರಥ ನೆಲಕ್ಕಿಳಿಯಿತು. ದ್ವಾಪರದಲ್ಲಿ ರಥ ಕೆಳಗಿಳಿಯುವುದು ಲೋಪಕ್ಕೆ ತೆತ್ತ ದಂಡವಾಗಿತ್ತು. ಕಲಿಯುಗದಲ್ಲಿ ಅದೇ ನಾಲ್ಕು ಅಂಗುಲವನ್ನು ಇಳಿಸಿಕೊಳ್ಳಲು ನಮ್ಮ ತರುಣರು ತಾವಾಗಿಯೇ ಹಣ ತೆರುತ್ತಿದ್ದಾರೆ.

ಗಜೇಂದ್ರಗಡದ ತರುಣನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಎರಡು ಬಾಗಿಲಿನ, ವೇಗಕ್ಕೆಂದೇ ರೂಪುಗೊಂಡ ಹಳೆಯ ಕಾರೊಂದನ್ನು ಕೊಂಡಿದ್ದಾನೆ. "ಸರ, ಗಾಡಿ ಎರಡ ಇಂಚ ಕೆಳಗ ಇಳಸಬೇಕಂತೀನ್ರಿ, ತಿರುವಿನ್ಯಾಗ ನೆಲಾ ಹಿಡಕೊಂಡು ಹೊಕ್ಕೈತ್ರಿ" ಎಂದ. ಕನ್ನಡ ಕಲಿಸುವವನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಆ ಕಾರು ಹಬ್ಬಕ್ಕೆ ಊರಿಗೆ ಬರುತ್ತದೆ. ಮಂಡಿನೋವಿನ ತಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ರೋಣದ ದಾರಿ ಹಿಡಿಯುತ್ತದೆ. ಆದ್ದರಿಂದ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ.

ಮೊದಲು ಅವನ ಪಕ್ಷದಲ್ಲಿರುವ ನ್ಯಾಯವನ್ನು ಹೇಳೋಣ. ಮೇವು ಹೇರಿದ ಚಕ್ಕಡಿ ಇಳಿಜಾರಿನಲ್ಲಿ ವಾಲುತ್ತದೆ. ಅಷ್ಟೇ ತೂಕದ ಕಲ್ಲು ಹೇರಿದ ಚಕ್ಕಡಿ ಗಟ್ಟಿಯಾಗಿ ನಿಲ್ಲುತ್ತದೆ. ಭಾರದ ಕೇಂದ್ರ ತಗ್ಗಿನಲ್ಲಿದ್ದಷ್ಟೂ ಗಾಡಿ ಸ್ಥಿರ. ಕಾರು ತಿರುವಿನಲ್ಲಿ ಹೊರಳುವಾಗ ಒಳಗಿನ ಗಾಲಿಗಳ ಮೇಲಿದ್ದ ಭಾರದ ಒಂದಂಶ ಹೊರಗಿನ ಗಾಲಿಗಳ ಮೇಲೆ ಬೀಳುತ್ತದೆ. ನಾಲ್ಕೂ ಗಾಲಿಗಳು ಭಾರವನ್ನು ಸಮನಾಗಿ ಹಂಚಿಕೊಂಡಷ್ಟೂ ನೆಲದ ಹಿಡಿತ ಹೆಚ್ಚು. ಓಟದ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಇರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಆದರೆ ಲೆಕ್ಕ ಹಾಕಿ ನೋಡಿದರೆ ಈ ಲಾಭ ಎಷ್ಟು? 1000 ಕಿಲೋ ತೂಕದ ಕಾರು, ಭಾರಕೇಂದ್ರದ ಎತ್ತರ 50 ಸೆಂಟಿಮೀಟರ್, ಎಡಬಲ ಗಾಲಿಗಳ ನಡುವೆ 150 ಸೆಂಟಿಮೀಟರ್ ಅಂತರ, ತಿರುವಿನ ಬಲ ತೂಕದ ಹತ್ತರಲ್ಲಿ ಆರು ಪಾಲು ಎಂದಿಟ್ಟುಕೊಳ್ಳೋಣ. ಆಗ ಹೊರಗಿನ ಗಾಲಿಗಳಿಗೆ ವರ್ಗವಾಗುವ ಭಾರ 200 ಕಿಲೋ. ಕಾರನ್ನು 3 ಸೆಂಟಿಮೀಟರ್ ಇಳಿಸಿದರೆ ಅದು 188 ಕಿಲೋ ಆಗುತ್ತದೆ. ಉಳಿತಾಯ 12 ಕಿಲೋ! ಸ್ಪರ್ಧೆಯ ಮೈದಾನದಲ್ಲಿ ಕ್ಷಣದ ಅಂಶಗಳಿಗಾಗಿ ಹೋರಾಡುವವನಿಗೆ ಇದು ದೊಡ್ಡದು. ನರಗುಂದದ ಸಂತೆಗೆ ಹೋಗುವವನಿಗೆ ಇದು ಒಂದು ಕೈಚೀಲದ ಕಾಯಿಪಲ್ಯೆಯ ತೂಕ.

ಇನ್ನು ನಷ್ಟದ ಲೆಕ್ಕ. ಗಾಲಿ ಮೇಲಕ್ಕೆ ಚಿಮ್ಮುವಾಗ ಆ ಹೊಡೆತವನ್ನು ನುಂಗುವುದು ಸ್ಪ್ರಿಂಗು. ನುಂಗುವುದಕ್ಕೆ ಅದಕ್ಕೆ ಜಾಗ ಬೇಕು. 8 ಸೆಂಟಿಮೀಟರ್ ಇದ್ದ ಜಾಗ 5ಕ್ಕೆ ಇಳಿಯಿತೆನ್ನಿ. ಅದೇ ಹೊಡೆತವನ್ನು ಅಷ್ಟರಲ್ಲಿಯೇ ನುಂಗಬೇಕಾದರೆ ಸ್ಪ್ರಿಂಗು ಸುಮಾರು ಎರಡೂವರೆ ಪಟ್ಟು ಗಡುಸಾಗಬೇಕು. ಗಡುಸು ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಗಾಲಿ ನೆಲದ ಮೇಲೆ ನಿಲ್ಲದೆ ಚೆಂಡಿನಂತೆ ಪುಟಿಯುತ್ತದೆ. ಪುಟಿಯುವ ಗಾಲಿಗೆ ಹಿಡಿತವಿಲ್ಲ. ಹಿಡಿತಕ್ಕಾಗಿ ಕಾರನ್ನು ಇಳಿಸಿದವನು ಹಿಡಿತವನ್ನೇ ಕಳೆದುಕೊಳ್ಳುವ ವಿಪರ್ಯಾಸ ಹೀಗೆ ಒದಗುತ್ತದೆ. ಗಡುಸುತನವೇ ಚುರುಕುತನವಲ್ಲ. ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ 1962ರಲ್ಲಿ ಹೊರತಂದ ಲೋಟಸ್ ಎಲಾನ್ ಕಾರು ತಿರುವುಗಳಲ್ಲಿ ಹೆಸರುವಾಸಿಯಾದದ್ದು ಮೆತ್ತನೆಯ ಸ್ಪ್ರಿಂಗುಗಳಿಂದಲೇ.

ಮತ್ತೊಂದು ಸೂಕ್ಷ್ಮವಿದೆ. ತಿರುವಿನಲ್ಲಿ ಕಾರಿನ ಒಡಲು ಒಂದು ಬಿಂದುವನ್ನು ಆಧರಿಸಿ ವಾಲುತ್ತದೆ. ಕಾರನ್ನು ಇಳಿಸಿದಾಗ ಆ ಬಿಂದುವೂ ಇಳಿಯುತ್ತದೆ. ಇಂದಿನ ಅನೇಕ ಕಾರುಗಳ ಮುಂಗಾಲಿಗಳ ರಚನೆಯಲ್ಲಿ ಅದು ಭಾರಕೇಂದ್ರಕ್ಕಿಂತ ಬೇಗನೆ ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ಅತಿಯಾಗಿ ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಗಾಲಿಗಳ ಓರೆ ಬದಲಾಗಿ ಟೈರಿನ ಒಂದು ಅಂಚು ಮಾತ್ರ ಬೇಗ ಸವೆಯುತ್ತದೆ.

ಇದಕ್ಕಿಂತ ಅಪಾಯಕರವಾದದ್ದು ಸ್ಪ್ರಿಂಗನ್ನು ಕತ್ತರಿಸುವ ಪದ್ಧತಿ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತನ್ನು ಕತ್ತರಿಸಿದರೆ ಅದು ಶೇಕಡಾ 20ರಷ್ಟು ಗಡುಸಾಗುತ್ತದೆ. ಆದರೆ ಜಾಗ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕಡಿಮೆಯಾಗಿರುತ್ತದೆ. ಗುಂಡಿಯಲ್ಲಿ ಗಾಲಿ ಜೋತುಬಿದ್ದಾಗ ಗಿಡ್ಡವಾದ ಸ್ಪ್ರಿಂಗು ತನ್ನ ಪೀಠದಿಂದ ಸರಿದುಹೋಗಲೂಬಹುದು. ನೂರು ರೂಪಾಯಿಯ ಗರಗಸದ ಅಲಗಿನಿಂದ ಮಾಡುವ ಈ ಕೆಲಸ ಅಗ್ಗವಾಗಿ ಕಾಣುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು ತಿರುವಿನ ನಡುವೆ.

ನಮ್ಮ ನೆಲದ ಗುಣವನ್ನೂ ಇಲ್ಲಿ ನೆನೆಯಬೇಕು. ನರಗುಂದ ಮತ್ತು ರೋಣದ ಸೀಮೆ ಎರೆಯ ಸೀಮೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಅದರೊಡನೆ ಏಳುತ್ತದೆ, ಇಳಿಯುತ್ತದೆ. ಕಣ್ಣಿಗೆ ನೇರವಾಗಿ ಕಾಣುವ ರಸ್ತೆ ವೇಗದಲ್ಲಿ ಅಲೆಯಂತೆ ಆಗುವುದು ಇದರಿಂದ. 2009 ಮತ್ತು 2019ರಲ್ಲಿ ಮಲಪ್ರಭೆ, ಬೆಣ್ಣೆಹಳ್ಳಗಳು ಉಕ್ಕಿದಾಗ ಈ ಸೀಮೆಯ ರಸ್ತೆಗಳು ಪಟ್ಟ ಪಾಡನ್ನು ಜನ ಮರೆತಿಲ್ಲ. ಸೂಡಿಯನ್ನು ದಾಟಿ ಕಾಲಕಾಲೇಶ್ವರನ ಗುಡ್ಡದ ಕಡೆಗೆ ಹೋದರೆ ನೆಲದ ರೀತಿಯೇ ಬೇರೆ. ಅಲ್ಲಿ ಕಲ್ಲು, ಏರು, ತಿರುವು. ಒಂದೇ ದಿನದ ಪ್ರಯಾಣದಲ್ಲಿ ಕಾರು ಎರಡು ಬಗೆಯ ನೆಲಕ್ಕೆ ಉತ್ತರ ಹೇಳಬೇಕು.

ಇದನ್ನು ಬಲ್ಲವರು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರು. ಅವರ ಕಾರುಗಳೂ ವೇಗಕ್ಕೆಂದೇ ಸಿದ್ಧವಾದವು. ಆದರೆ ಮಣ್ಣುದಾರಿಗೆ ಅವರು ಕಾರನ್ನು ಎತ್ತರಿಸುತ್ತಾರೆ, ಗಾಲಿಗೆ ಚಲಿಸಲು ಹೆಚ್ಚಿನ ಜಾಗ ಕೊಡುತ್ತಾರೆ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ 1948ರಲ್ಲಿ ಹೊರತಂದ ಪುಟ್ಟ ಕಾರಿಗೆ, ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿಯನ್ನು ಒಂದೂ ಒಡೆಯದಂತೆ ಸಾಗಿಸಬೇಕೆಂಬ ಗುರಿಯಿತ್ತು. ಅದೇ ಸಂಸ್ಥೆಯ 1955ರ ಡಿ.ಎಸ್. ಕಾರಿನಲ್ಲಿ ಸವಾರನೇ ಎತ್ತರವನ್ನು ಏರಿಸಿ ಇಳಿಸಬಹುದಾಗಿತ್ತು. ನೆಲಕ್ಕೆ ತಕ್ಕ ನಡೆ ಎಂಬುದೇ ಇವರೆಲ್ಲರ ಸೂತ್ರ.

ಕಾನೂನಿನ ಮಾತೂ ಉಂಟು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಮನೆ ಅಥವಾ ಎರಡನ್ನೂ ವಿಧಿಸಿದೆ. ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಚೇರಿಯಲ್ಲಿಯೂ ವಿಚಾರಿಸುವುದು ಜಾಣತನ.

ಹಾಗಾದರೆ ಆ ತರುಣನಿಗೆ ನಾನು ಹೇಳಿದ್ದೇನು? ಆಸೆಯನ್ನು ಬಿಡು ಎನ್ನಲಿಲ್ಲ. ಖರ್ಚಿನ ಕ್ರಮವನ್ನು ಬದಲಿಸು ಎಂದೆ. ಮೊದಲು ಒಳ್ಳೆಯ ಟೈರು, ಅದರಲ್ಲಿ ಸರಿಯಾದ ಗಾಳಿ. ಆಮೇಲೆ ಸವೆದ ರಬ್ಬರ್ ಬುಶ್ಶುಗಳನ್ನೂ ದಣಿದ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸುವುದು. ಅನಂತರ ಗಾಲಿಗಳ ಜೋಡಣೆಯನ್ನು ಅಳೆಯಿಸುವುದು. ಹಳೆಯ ಕಾರಿನ ಸಡಿಲ ನಡೆಗೆ ಎತ್ತರಕ್ಕಿಂತ ಈ ಸವೆತವೇ ಹೆಚ್ಚಾಗಿ ಕಾರಣ. ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ, ಕಾನೂನು ಒಪ್ಪುವ ಮಿತಿಯಲ್ಲಿ, ಒಂದಕ್ಕೊಂದು ಹೊಂದುವಂತೆ ತಯಾರಿಸಿದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳ ಪೂರ್ಣ ಜೋಡಿಯನ್ನೇ ಹಾಕಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಗೆ, ರಸ್ತೆ ಇದ್ದಷ್ಟು ಕಾರು ಇಳಿಸೆಂದು ಒಂದು ಸಾಲು ಸೇರಿಸಬಹುದು.

ಕೊನೆಗೆ ಒಂದು ಮಾತು ತರುಣರಿಗಲ್ಲ, ರಸ್ತೆ ಮಾಡುವವರಿಗೆ. ವೇಗ ತಡೆಯುವ ಉಬ್ಬಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಅಳತೆಯನ್ನು ಗೊತ್ತುಮಾಡಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಎರಡೂವರೆ ಮೀಟರ್ ಗಾಲಿಯಂತರದ ಕಾರು ಅಂಥ ಉಬ್ಬಿನ ನಡುವೆ ನಿಂತಾಗ ಅದರ ಹೊಟ್ಟೆಯ ಕಡೆಗೆ ಉಬ್ಬು ಏರಿಬರುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಆದರೆ ಊರೂರುಗಳ ಬಾಗಿಲಲ್ಲಿ ಗೋಡೆಯಂತೆ ಎದ್ದಿರುವ, ಒಂದು ಗೇಣು ಅಗಲದ ಉಬ್ಬುಗಳು ತಮ್ಮ ಪೂರ್ಣ ಎತ್ತರದಿಂದ ಕಾರಿನ ಹೊಟ್ಟೆಯನ್ನು ಇರಿಯುತ್ತವೆ. ಬಸುರಿಯನ್ನೋ ಬೆನ್ನು ಮುರಿದವನನ್ನೋ ಹೊತ್ತ ವಾಹನಕ್ಕೂ ಅವು ದಯೆ ತೋರುವುದಿಲ್ಲ. ಕಾರನ್ನು ಇಳಿಸಿದರೆ ಸಂತೋಷ ಒಬ್ಬನಿಗೆ. ಉಬ್ಬನ್ನು ಅಳತೆಗೆ ಇಳಿಸಿದರೆ ಚಕ್ಕಡಿಯಿಂದ ಅಂಬುಲೆನ್ಸಿನವರೆಗೆ ಎಲ್ಲರಿಗೂ ಸುಖ.