ಹಿಂಗಾಲು ಸೋತ ನಾಯಿಗೂ ಬಾಳಿದೆ

ನಾಯಿಗಳ ಬೆನ್ನುಹುರಿಗೆ ಹಾನಿಯಾಗುವುದು ಮುಖ್ಯವಾಗಿ ಎರಡು ಕಾರಣಗಳಿಂದ: ವಾಹನದ ಡಿಕ್ಕಿ ಮತ್ತು ಡಿಸ್ಕ್ ಜಾರುವಿಕೆ. ಉದ್ದ ಮೈ, ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ತಳಿಯಲ್ಲಿ ಡಿಸ್ಕ್ ಎಳೆ ವಯಸ್ಸಿನಲ್ಲೇ ಗಡುಸಾಗಿ, ಒಡೆದು, ಹುರಿಯನ್ನು ಒತ್ತುತ್ತದೆ. ಹಿಂಗಾಲು ಸ್ವಾಧೀನ ತಪ್ಪುತ್ತದೆ. ಮೂತ್ರದ ಹಿಡಿತವೂ ಹೋಗಬಹುದು.

ಕಾಲ್ಬೆರಳನ್ನು ಬಲವಾಗಿ ಅದುಮಿದಾಗ ನೋವು ತಿಳಿಯುತ್ತದೆಯೇ ಎಂಬುದೇ ಚೇತರಿಕೆಯ ಮುಖ್ಯ ಸೂಚನೆ. ಡಿಸ್ಕ್ ಜಾರಿದಾಗ ಈ ಅರಿವು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಬಹುಪಾಲು ನಾಯಿಗಳು ನಡೆಯುತ್ತವೆ. ಅಳಿದಿದ್ದರೂ ಸುಮಾರು ಅರ್ಧದಷ್ಟು ಮತ್ತೆ ನಡೆಯಬಲ್ಲವು.

2012ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 34 ಸಾಕುನಾಯಿಗಳ ಪೈಕಿ 23ರ ಬೆನ್ನುಹುರಿಗೆ ಅವುಗಳ ಮೂಗಿನ ಒಳಪದರದಿಂದ ಬೆಳೆಸಿದ ಕೋಶಗಳನ್ನೇ ಸೇರಿಸಲಾಯಿತು. ಹಲವು ನಾಯಿಗಳ ಹಿಂಗಾಲುಗಳು ಮುಂಗಾಲಿಗೆ ಹೊಂದಿಕೊಂಡು ಹೆಜ್ಜೆಯಿಟ್ಟವು. ಆದರೆ ಮೆದುಳಿನವರೆಗಿನ ನರಸಂಪರ್ಕ ಮರಳಿದ್ದು ಕಾಣಲಿಲ್ಲ.

ಪೆಟ್ಟು ಬಿದ್ದ ನಾಯಿಯನ್ನು ಹಲಗೆಯ ಮೇಲೆ ಮಲಗಿಸಿ, ಬೆನ್ನು ಅಲುಗದಂತೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬಳಿಕ ಮೂತ್ರಕೋಶ ಖಾಲಿ ಮಾಡಿಸುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಕಾಲಿನ ವ್ಯಾಯಾಮ ವಾರಗಟ್ಟಲೆ ನಡೆಯಬೇಕು. ನಡಿಗೆ ಮರಳದಿದ್ದರೂ ಗಾಲಿಬಂಡಿಯ ನೆರವಿನಿಂದ ಅನೇಕ ನಾಯಿಗಳು ನೆಮ್ಮದಿಯಾಗಿ ಬಾಳುತ್ತವೆ. ಕಾಲು ಸೋತ ಮಾತ್ರಕ್ಕೆ ದಯಾಮರಣಕ್ಕೆ ಆತುರಪಡುವುದು ಸಲ್ಲದು.